ಫಿಸಿಕ್ಸ್ ಪಿಎಚ್‌ಡಿಗೆ ಮುಂಚೆ ಮೂರೋ, ನಾಲ್ಕೋ, ಐದೋ?

ಒಂದೇ ಮನೆಯ ಅಕ್ಕ 2021ರಲ್ಲಿ, ತಮ್ಮ 2024ರಲ್ಲಿ ಊರಿನ ಅದೇ ಸರ್ಕಾರಿ ಕಾಲೇಜಿಗೆ ಬಿಎಸ್ಸಿ ಸೇರಿದರು ಎಂದಿಟ್ಟುಕೊಳ್ಳೋಣ. ಅಕ್ಕ ಸೇರುವಾಗ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಆಗಷ್ಟೇ ಜಾರಿಗೆ ಬಂದಿತ್ತು. ಎರಡು ಮುಖ್ಯ ವಿಷಯ, ಒಂದಿಷ್ಟು ಓಪನ್ ಎಲೆಕ್ಟಿವ್, ಮನಸ್ಸಿದ್ದರೆ ನಾಲ್ಕನೇ ವರ್ಷವನ್ನೂ ಓದಿ ಆನರ್ಸ್. ತಮ್ಮ ಸೇರುವ ಹೊತ್ತಿಗೆ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಾಗಿತ್ತು. 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಹೊರಡಿಸಿ ಡಿಗ್ರಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ಮೂರು ವಿಷಯಗಳಿಗೆ ಸಮಪಾಲು ಕೊಡುವ ಹಳೆಯ ಪಿಸಿಎಂ ಕೂಡ ವಾಪಸು ಬಂತು. ಮೇಷ್ಟ್ರುಗಳು ಅವರೇ, ಪ್ರಯೋಗಾಲಯದ ಸ್ಪೆಕ್ಟ್ರೋಮೀಟರೂ ಅದೇ. ಕೈಗೆ ಸಿಗುವ ಪದವಿ ಮಾತ್ರ ಬೇರೆ ಬೇರೆ.

ಇಬ್ಬರಿಗೂ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುವ ಆಸೆ. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೀಸಲಾತಿ ವರ್ಗದವರಿಗೆ ಅದರಲ್ಲಿ ಶೇ 5ರ ವಿನಾಯಿತಿ ಇದೆ. ಮೂರು ವರ್ಷ ಓದಿದವರು ಎರಡು ವರ್ಷದ ಎಂಎಸ್ಸಿಯನ್ನು ಶೇ 55 ಅಂಕದೊಂದಿಗೆ ಮುಗಿಸಿಯೇ ಬರಬೇಕು. ಹಾಗಾದರೆ ಅಕ್ಕನಿಗೆ ಒಂದು ವರ್ಷ ಉಳಿಯಿತು, ತಮ್ಮನಿಗೆ ಒಂದು ವರ್ಷ ದಂಡವಾಯಿತು ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ನನ್ನ ಲೆಕ್ಕ ಬೇರೆ. ಫಿಸಿಕ್ಸ್‌ನ ಮಟ್ಟಿಗೆ ಹೇಳುವುದಾದರೆ ಆ ಒಂದು ವರ್ಷದ ಉಳಿತಾಯ ಬಹುಪಾಲು ವಿದ್ಯಾರ್ಥಿಗಳಿಗೆ ದುಬಾರಿಯಾಗಿ ಬೀಳುತ್ತದೆ.

ಕಾರಣ ಈ ವಿಷಯದ ಸ್ವಭಾವದಲ್ಲೇ ಇದೆ. ಫಿಸಿಕ್ಸನ್ನು ಎರಡು ಸುತ್ತಿನಲ್ಲಿ ಕಲಿಸುತ್ತಾರೆ. ಕ್ಲಾಸಿಕಲ್ ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಂ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಂಬ ನಾಲ್ಕು ಕಂಬಗಳು, ಅವಕ್ಕೆ ಬೇಕಾದ ಗಣಿತ, ಇಷ್ಟೂ ಬಿಎಸ್ಸಿಯಲ್ಲಿ ಒಮ್ಮೆ ಬರುತ್ತವೆ, ಎಂಎಸ್ಸಿಯಲ್ಲಿ ಮತ್ತೊಮ್ಮೆ ಬರುತ್ತವೆ. ಹೆಸರು ಅದೇ ಇರುವುದರಿಂದ ಓದಿದ್ದನ್ನೇ ಓದಿಸುತ್ತಾರೆ ಎಂದು ಮಕ್ಕಳು ಗೊಣಗುವುದುಂಟು. ಆದರೆ ಎರಡನೇ ಸುತ್ತು ಪುನರಾವರ್ತನೆಯಲ್ಲ. ಹೈಡ್ರೋಜನ್ ಪರಮಾಣುವನ್ನು ಬಿಎಸ್ಸಿಯಲ್ಲಿ ಬಿಡಿಸುತ್ತಾರೆ: ಶ್ರೋಡಿಂಗರ್ ಸಮೀಕರಣ, ಶಕ್ತಿಯ ಮಟ್ಟಗಳು, ಅಲ್ಲಿಗೆ ಮುಗಿಯಿತು. ಅದೇ ಪರಮಾಣುವನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟರೆ ಅದರ ರೋಹಿತದ ಗೆರೆಗಳು ಯಾಕೆ ಸೀಳುತ್ತವೆ ಎಂಬುದನ್ನು ಲೆಕ್ಕ ಮಾಡಿ ತೋರಿಸುವುದು ಎಂಎಸ್ಸಿಯಲ್ಲಿ. ಮೊದಲ ಸುತ್ತಿನಲ್ಲಿ ಗ್ರಿಫಿತ್ಸ್ ಬರೆದ ವಿದ್ಯುತ್ಕಾಂತತೆಯ ಪುಸ್ತಕ, ಎರಡನೆಯದರಲ್ಲಿ ಜಾಕ್ಸನ್ ಬರೆದದ್ದು. ಎರಡನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ತಿರುವಿ ಹಾಕಿದವರಿಗೆ ಹೆಚ್ಚು ವಿವರಣೆ ಬೇಕಾಗದು.

ಪ್ರಪಂಚದ ಯಾವ ಮೂಲೆಗೆ ಹೋದರೂ ಸಂಶೋಧನೆ ಶುರುವಾಗುವುದು ಈ ಎರಡನೇ ಸುತ್ತು ಮುಗಿದ ಮೇಲೆ. ಆ ಸುತ್ತನ್ನು ಎಲ್ಲಿ ಮುಗಿಸುತ್ತೀರಿ, ಯಾರ ದುಡ್ಡಿನಲ್ಲಿ ಮುಗಿಸುತ್ತೀರಿ, ಮುಗಿಸಿದ್ದಕ್ಕೆ ಕೈಯಲ್ಲಿ ಒಂದು ಪದವಿ ಉಳಿಯುತ್ತದೆಯೋ ಇಲ್ಲವೋ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಅಮೆರಿಕದವರು ಅದನ್ನು ಪಿಎಚ್‌ಡಿಯ ಮೊದಲ ಎರಡು ವರ್ಷದೊಳಗೇ ಇಟ್ಟಿದ್ದಾರೆ. ಯುರೋಪಿನವರು ಪ್ರತ್ಯೇಕ ಮಾಸ್ಟರ್ಸ್ ಮಾಡಿಕೊಂಡೇ ಬಾ ಎನ್ನುತ್ತಾರೆ. ನಮ್ಮಲ್ಲಿ ಎರಡೂ ನಮೂನೆ ಇವೆ. ಗೊಂದಲ ಹುಟ್ಟುವುದೇ ಅದರಿಂದ.

ಈಗ ಅಕ್ಕನ ವಿಷಯಕ್ಕೆ ಬನ್ನಿ. ಆನರ್ಸ್ ಮುಗಿಸಿ ಆಕೆ ನೇರವಾಗಿ ಒಂದು ವಿಶ್ವವಿದ್ಯಾಲಯದ ಪಿಎಚ್‌ಡಿಗೆ ಸೇರಿದಳು ಎನ್ನಿ. ಯುಜಿಸಿ ನಿಯಮ ಕಡ್ಡಾಯ ಮಾಡಿರುವ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದರಲ್ಲೇ ಸಂಶೋಧನಾ ವಿಧಾನ, ಸಂಶೋಧನೆಯ ನೀತಿ-ನಿಯಮ ಎಲ್ಲವೂ ಸೇರಬೇಕು. ಜಾಕ್ಸನ್‌ಗೆ ಅಲ್ಲಿ ಜಾಗವೆಲ್ಲಿ? ಭಾರತೀಯ ವಿಜ್ಞಾನ ಸಂಸ್ಥೆ, ಟಿಐಎಫ್ಆರ್‌ನಂಥ ಕಡೆ ಪಿಎಚ್‌ಡಿಗೆ ಬಂದವರಿಗೂ ಗಟ್ಟಿ ಕೋರ್ಸುಗಳಿರುತ್ತವೆ, ಅಲ್ಲಿ ಕೊರತೆ ತುಂಬಿಕೊಳ್ಳಬಹುದು. ಹೆಚ್ಚಿನ ಕಡೆ ಹಾಗಿಲ್ಲ. ಎರಡನೇ ಸುತ್ತನ್ನು ತಪ್ಪಿಸಿಕೊಂಡವರಿಗೆ ಗೈಡ್ ಕೊಟ್ಟ ಒಂದು ಸಣ್ಣ ಸಮಸ್ಯೆಯ ಆಚೆಗೆ ಕಣ್ಣು ಹಾಯುವುದು ಕಷ್ಟವಾಗುತ್ತದೆ. ಅದೂ ಅಲ್ಲದೆ ಮೂರನೇ ವರ್ಷದಲ್ಲಿ ಮನಸ್ಸು ಮುರಿದು, ಅಥವಾ ಮನೆಯ ತಾಪತ್ರಯಕ್ಕೆ ಪಿಎಚ್‌ಡಿ ಬಿಡಬೇಕಾಗಿ ಬಂದರೆ ಆಕೆಯ ಕೈಯಲ್ಲಿ ಎಂಎಸ್ಸಿಯೂ ಇರುವುದಿಲ್ಲ. ಡಿಗ್ರಿ ಕಾಲೇಜಿನ ಕೆಲಸಕ್ಕೆ ಕೆ-ಸೆಟ್ ಬರೆಯೋಣವೆಂದರೆ ಅದು ಸ್ನಾತಕೋತ್ತರ ಪದವಿ ಕೇಳುತ್ತದೆ. ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಯೂ ಅದನ್ನೇ ಕೇಳುತ್ತದೆ. ಪಿಎಚ್‌ಡಿಯನ್ನು ಅರ್ಧಕ್ಕೆ ಬಿಡುವುದು ಅವಮಾನವೇನಲ್ಲ, ಎಲ್ಲ ದೇಶಗಳಲ್ಲೂ ನಡೆಯುವಂಥದ್ದೇ. ಆದರೆ ಬಿಟ್ಟಾಗ ನಿಲ್ಲಲು ಒಂದು ನೆಲ ಬೇಕಲ್ಲ.

ಇನ್ನೊಂದು ಮಾತು. ನಾಲ್ಕು ವರ್ಷದವರನ್ನು ತೆಗೆದುಕೊಳ್ಳಬಹುದು ಎಂದು ಯುಜಿಸಿ ಹೇಳಿದೆಯೇ ಹೊರತು ತೆಗೆದುಕೊಳ್ಳಲೇಬೇಕು ಎಂದಿಲ್ಲ. ಒಳ್ಳೆಯ ಸಂಸ್ಥೆಗಳು ತಮ್ಮ ಪರೀಕ್ಷೆ, ತಮ್ಮ ಸಂದರ್ಶನವನ್ನೇ ನಂಬುತ್ತವೆ. ಸಂದರ್ಶನದ ಕೋಣೆಯಲ್ಲಿ ಕೂತವರು ನಿಮ್ಮ ಪದವಿಯ ಹೆಸರನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಬೋರ್ಡಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿಂದ ಮುಂದೆ ನೀವುಂಟು, ಸೀಮೆಸುಣ್ಣವುಂಟು.

ಹಾಗಾಗಿ ತಮ್ಮ ಕೆಟ್ಟ ಜಾಗದಲ್ಲೇನೂ ಇಲ್ಲ. ಮೂರು ವರ್ಷದ ಪಿಸಿಎಂ ಬಗ್ಗೆ ಹಗುರವಾಗಿ ಮಾತಾಡುವುದು ಒಂದು ಫ್ಯಾಷನ್ ಆಗಿದೆ. ಅದರಲ್ಲಿ ಫಿಸಿಕ್ಸ್‌ಗೆ ಸರಿಸಮನಾಗಿ ಗಣಿತವನ್ನು ಕಲಿಸುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ಫಿಸಿಕ್ಸ್‌ನಲ್ಲಿ ಮುಂದೆ ಹೋಗುವವನಿಗೆ ನಾಲ್ಕು ಓಪನ್ ಎಲೆಕ್ಟಿವ್‌ಗಿಂತ ಡಿಫರೆನ್ಷಿಯಲ್ ಸಮೀಕರಣ ಮತ್ತು ಲೀನಿಯರ್ ಆಲ್ಜೀಬ್ರಾ ಹೆಚ್ಚು ಬೆಲೆಯವು. ಪಿಸಿಎಂನ ನಿಜವಾದ ದೋಷ ಎಂದರೆ ಕ್ವಾಂಟಂ ಮೆಕ್ಯಾನಿಕ್ಸ್‌ನಂಥದ್ದು ಕೊನೆಯ ವರ್ಷದಲ್ಲಿ ಬಂದು ಅವಸರದಲ್ಲಿ ಮುಗಿಯುವುದು, ಮತ್ತು ಪರೀಕ್ಷೆಯಲ್ಲಿ ಡಿರೈವೇಶನ್ ಒಪ್ಪಿಸಿದರೆ ಅಂಕ ಸಿಗುವುದು. ಲೆಕ್ಕ ಮಾಡದೆಯೇ ಶೇ 90 ತೆಗೆಯಬಹುದು. ಆ ಅಂಕಪಟ್ಟಿ ಹಿಡಿದು ಜಾಮ್ ಪರೀಕ್ಷೆಗೆ ಕೂತಾಗಲೇ ಎಚ್ಚರವಾಗುವುದು.

ಜಾಮ್ ಎಂದರೆ ಐಐಟಿಗಳು ಎಂಎಸ್ಸಿ ಪ್ರವೇಶಕ್ಕೆ ನಡೆಸುವ ಪರೀಕ್ಷೆ. ನಮ್ಮ ಹಳ್ಳಿ, ತಾಲ್ಲೂಕು ಕಾಲೇಜುಗಳಲ್ಲಿ ಜೆಇಇ ಹೆಸರು ಕೇಳದವರಿಲ್ಲ, ಜಾಮ್ ಹೆಸರು ಕೇಳಿದವರು ಕಡಿಮೆ. ಬಿಎಸ್ಸಿ ಓದಿದವರಿಗೆ ಐಐಟಿಯ ಬಾಗಿಲು ತೆರೆಯುವುದು ಅದೊಂದರಿಂದಲೇ ಎನ್ನಬಹುದು. ಪಿಯುಸಿಯಲ್ಲಿ ಲಕ್ಷಾಂತರ ಜನರೊಂದಿಗೆ ಜೆಇಇಗೆ ಗುದ್ದಾಡುವುದಕ್ಕಿಂತ, ಮೂರು ವರ್ಷ ಕೂತು ಫಿಸಿಕ್ಸನ್ನೇ ಓದಿ ಜಾಮ್ ಬರೆಯುವುದು ಈ ವಿಷಯ ಇಷ್ಟಪಡುವ ಮಕ್ಕಳಿಗೆ ಹೆಚ್ಚು ನ್ಯಾಯವಾದ ಸ್ಪರ್ಧೆ. ಪಿಯುಸಿ ಮಕ್ಕಳು ಓದುವ ಎಚ್.ಸಿ. ವರ್ಮಾ ಪುಸ್ತಕ ಗೊತ್ತಲ್ಲ, ಅದನ್ನು ಬರೆದವರು ಪಟ್ನಾ ಸೈನ್ಸ್ ಕಾಲೇಜಿನಲ್ಲಿ ಬಿಎಸ್ಸಿ ಓದಿ, ಆಮೇಲೆ ಐಐಟಿ ಕಾನ್ಪುರಕ್ಕೆ ಎಂಎಸ್ಸಿಗೆ ಹೋಗಿ, ಅಲ್ಲೇ ಪಿಎಚ್‌ಡಿ ಮಾಡಿದವರು. ಐಐಟಿ ಸಿಗದಿದ್ದರೆ ಮಾನಸಗಂಗೋತ್ರಿ, ಜ್ಞಾನಭಾರತಿ, ಧಾರವಾಡ, ಕೊಣಾಜೆ, ಶಂಕರಘಟ್ಟ ಇದ್ದೇ ಇವೆ. ಬಿಎಸ್ಸಿ ಓದಿದ ಕ್ಯಾಂಪಸ್ಸಿನಲ್ಲೇ ಎಂಎಸ್ಸಿಯನ್ನೂ ಓದುವುದು ಸುಲಭ. ಆದರೆ ಬೇರೆ ಊರಿಗೆ ಹೋಗುವುದು ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬೇರೆ ಮೇಷ್ಟ್ರು ಬೇರೆ ಕಡೆಯಿಂದ ಪ್ರಶ್ನೆ ಕೇಳುತ್ತಾರೆ.

ಜಾಮ್‌ನಿಂದ ಇನ್ನೊಂದು ದಾರಿಯೂ ತೆರೆಯುತ್ತದೆ: ಇಂಟಿಗ್ರೇಟೆಡ್ ಪಿಎಚ್‌ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದೆ, ಬೇರೆ ಕೆಲವು ಕಡೆ ಜೆಸ್ಟ್ ಪರೀಕ್ಷೆಯ ಮೂಲಕವೂ ಪ್ರವೇಶವಿದೆ. ಮೂರು ವರ್ಷದ ಬಿಎಸ್ಸಿ ಮುಗಿಸಿ ಸೇರಿದರೆ ಮೊದಲು ಎಂಎಸ್ಸಿ ಮಟ್ಟದ ಕೋರ್ಸು, ನಂತರ ಅಲ್ಲೇ ಸಂಶೋಧನೆ. ಮತ್ತೊಂದು ಪ್ರವೇಶ ಪರೀಕ್ಷೆಯ ತಲೆನೋವಿಲ್ಲ, ಸ್ಟೈಪೆಂಡ್ ಮೊದಲಿಂದಲೇ ಶುರು. ಎರಡನೇ ಸುತ್ತನ್ನು ಸಂಸ್ಥೆಯ ದುಡ್ಡಿನಲ್ಲೇ ಮುಗಿಸಿದಂತಾಯಿತು. ಮನೆಯಲ್ಲಿ ದುಡ್ಡಿನ ಬಿಗಿ ಇದ್ದು, ಓದುವ ಛಲ ಇರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ದೇಶದಲ್ಲಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಒಂದೇ ಕಷ್ಟವೆಂದರೆ ಇಪ್ಪತ್ತೊಂದನೇ ವಯಸ್ಸಿಗೆ ಮುಂದಿನ ಆರೇಳು ವರ್ಷಗಳನ್ನು ಒಂದೇ ಸಂಸ್ಥೆಗೆ ಬರೆದುಕೊಡಬೇಕು. ಅಲ್ಲಿ ಯಾವ ವಿಷಯದ ಗೈಡ್‌ಗಳಿದ್ದಾರೋ ಅವರಲ್ಲೇ ಒಬ್ಬರನ್ನು ಆರಿಸಿಕೊಳ್ಳಬೇಕು. ಕಪ್ಪುಕುಳಿಯ ಮೇಲೆ ಕೆಲಸ ಮಾಡುವ ಕನಸು ಹೊತ್ತು, ಪದಾರ್ಥ ವಿಜ್ಞಾನವೇ ಪ್ರಧಾನವಾಗಿರುವ ಜಾಗಕ್ಕೆ ಸೇರಿದರೆ ತಪ್ಪು ಸಂಸ್ಥೆಯದ್ದಲ್ಲ. ಸೇರುವ ಮುಂಚೆ ವಿಭಾಗದ ಅಧ್ಯಾಪಕರ ಪಟ್ಟಿ ನೋಡಿ, ಯಾರು ಏನು ಮಾಡುತ್ತಿದ್ದಾರೆ ಎಂದು ಓದಿಕೊಳ್ಳಲು ಒಂದು ಸಂಜೆ ಸಾಕು.

ಪಿಯುಸಿ ಮುಗಿದ ಕೂಡಲೇ ಫಿಸಿಕ್ಸೇ ನನ್ನ ದಾರಿ ಎಂದು ಗೊತ್ತಿರುವ ಮಕ್ಕಳೂ ಇರುತ್ತಾರೆ. ಅವರಿಗೆಂದೇ ಐಸರ್‌ಗಳು ಹುಟ್ಟಿದ್ದು. 2006ರಲ್ಲಿ ಪುಣೆ ಮತ್ತು ಕೋಲ್ಕತ್ತದಿಂದ ಶುರುವಾಗಿ ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರ್ಹಾಂಪುರ ಸೇರಿ ಈಗ ಒಟ್ಟು ಏಳು. ಐದು ವರ್ಷದ ಬಿಎಸ್-ಎಂಎಸ್, ಪ್ರವೇಶಕ್ಕೆ ಐಎಟಿ ಎಂಬ ಅವರದ್ದೇ ಪರೀಕ್ಷೆ. ಅದರಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕಕ್ಕೂ ಸಮಾನ ತೂಕ. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಅಲ್ಲಿ ಸ್ವಲ್ಪ ತೊಡಕು ಅನುಭವಿಸುತ್ತಾರೆ. ಭುವನೇಶ್ವರದ ನೈಸರ್ ಮತ್ತು ಮುಂಬೈನ ಅಣುಶಕ್ತಿ ಇಲಾಖೆಯ ಕೇಂದ್ರಕ್ಕೆ ನೆಸ್ಟ್ ಎಂಬ ಬೇರೆ ಪರೀಕ್ಷೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಶುರುಮಾಡಿತು. ಇಷ್ಟವಿದ್ದವರು ಐದನೇ ವರ್ಷವೂ ಉಳಿದು ಮಾಸ್ಟರ್ಸ್ ಪಡೆಯಬಹುದು. ಈ ಜಾಗಗಳ ಹೆಚ್ಚುಗಾರಿಕೆ ಪಠ್ಯಕ್ರಮಕ್ಕಿಂತಲೂ ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿದೆ. ಐಸರ್‌ನಲ್ಲಿ ಐದನೇ ವರ್ಷವೆಲ್ಲ ಒಂದೇ ಸಮಸ್ಯೆಯ ಹಿಂದೆ ಬೀಳಬೇಕು. ಸಂಶೋಧನೆ ಎಂದರೆ ಬಹುಪಾಲು ದಿನ ಏನೂ ಆಗದಿರುವುದು ಎಂಬ ಸತ್ಯ ಪಿಎಚ್‌ಡಿಗೆ ಮುಂಚೆಯೇ ಗೊತ್ತಾಗುತ್ತದೆ. ಅದು ತನಗೆ ಒಗ್ಗದು ಎಂದು ತಿಳಿದು ಬೇರೆ ಕೆಲಸ ಹಿಡಿದವರದ್ದೂ ಒಳ್ಳೆಯ ತೀರ್ಮಾನವೇ.

ಇನ್ನು ನಮ್ಮ ರಾಜ್ಯದ ಮನೆಮನೆಯ ವಾದ: ಮೊದಲು ಒಂದು ಬಿಇ ಮಾಡಿಕೊಂಡುಬಿಡಲಿ, ಆಮೇಲೆ ಬೇಕಿದ್ದರೆ ಫಿಸಿಕ್ಸ್. ಇದರ ಹಿಂದಿನ ಭಯ ನನಗೆ ಅರ್ಥವಾಗುತ್ತದೆ, ಅದನ್ನು ಹೀಗಳೆಯುವುದಿಲ್ಲ. ಆದರೆ ಪಠ್ಯಕ್ರಮವನ್ನು ನೋಡಿ. ಸಾಮಾನ್ಯ ಬಿಇಯಲ್ಲಿ ಫಿಸಿಕ್ಸ್ ಇರುವುದು ಮೊದಲ ವರ್ಷದ ಒಂದು ಸೆಮಿಸ್ಟರ್, ಮಕ್ಕಳು ಫಿಸಿಕ್ಸ್ ಸೈಕಲ್ ಎಂದು ಕರೆಯುವುದು. ಆಮೇಲಿನ ಮೂರು ವರ್ಷ ಅದರ ಸುದ್ದಿಯಿಲ್ಲ. ನೆಟ್, ಗೇಟ್‌ನ ಫಿಸಿಕ್ಸ್ ಪತ್ರಿಕೆಗೆ ಬಿಇ ಓದಿದವರೂ ಕೂರಬಹುದು, ಕೆಲವು ಸಂಸ್ಥೆಗಳು ಅವರನ್ನು ಪಿಎಚ್‌ಡಿ ಸಂದರ್ಶನಕ್ಕೂ ಕರೆಯುತ್ತವೆ. ಕಾಗದದ ಮೇಲೆ ದಾರಿಯುಂಟು. ಆದರೆ ಅಂಥವರು ಎರಡನೇ ಸುತ್ತನ್ನಷ್ಟೇ ಅಲ್ಲ, ಮೊದಲ ಸುತ್ತನ್ನೂ ಒಬ್ಬರೇ ಕೂತು ಮುಗಿಸಬೇಕು, ಅದೂ ಕ್ಯಾಂಪಸ್ ಪ್ಲೇಸ್‌ಮೆಂಟಿನ ಗದ್ದಲದ ನಡುವೆ.

ಹೀಗೆ ವಾದಿಸುವವರು ತಪ್ಪದೆ ಎಳೆದು ತರುವ ಹೆಸರು ಪಾಲ್ ಡಿರಾಕ್. ಅವರು 1921ರಲ್ಲಿ ಬ್ರಿಸ್ಟಲ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದ್ದು ನಿಜ. ಆದರೆ ಅಲ್ಲಿಂದ ನೇರ ಕೇಂಬ್ರಿಜ್‌ಗೆ ಹಾರಲಿಲ್ಲ. ಕೆಲಸ ಸಿಗದೆ ಬ್ರಿಸ್ಟಲ್‌ನಲ್ಲೇ ಎರಡು ವರ್ಷ ಕೂತು ಗಣಿತದಲ್ಲಿ ಇನ್ನೊಂದು ಪದವಿ ಪಡೆದು, 1923ರಲ್ಲಿ ಕೇಂಬ್ರಿಜ್ ಸೇರಿ, 1926ರಲ್ಲಿ ಪಿಎಚ್‌ಡಿ ಮುಗಿಸಿದರು. ಭೌತಶಾಸ್ತ್ರಕ್ಕೆ ಎರಡು ಬಾರಿ ನೊಬೆಲ್ ಪಡೆದ ಜಾನ್ ಬಾರ್ಡೀನ್ ಕೂಡ ಎಲೆಕ್ಟ್ರಿಕಲ್ ಎಂಜಿನಿಯರೇ. ತೈಲ ಕಂಪನಿಯಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಿ ಗಣಿತೀಯ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ಇಬ್ಬರೂ ಬಿಟ್ಟುಹೋದ ಪಾಠವನ್ನು ಕೂತು ತುಂಬಿಸಿಕೊಂಡವರು. ಆ ಮಧ್ಯದ ವರ್ಷಗಳನ್ನು ನಮ್ಮ ಉದಾಹರಣೆಗಳು ನುಂಗಿಹಾಕುತ್ತವೆ.

ಎಂಜಿನಿಯರಿಂಗ್ ಎಲ್ಲರಿಗೂ ಬೇಡ ಎಂದಲ್ಲ. ಐಐಟಿಗಳ ಎಂಜಿನಿಯರಿಂಗ್ ಫಿಸಿಕ್ಸ್ ಹೆಚ್ಚುಕಡಿಮೆ ಪೂರ್ಣ ಪ್ರಮಾಣದ ಫಿಸಿಕ್ಸ್ ಪದವಿಯೇ, ಅದನ್ನು ಮಾಮೂಲಿ ಬಿಇ ಜೊತೆ ಸೇರಿಸಬಾರದು. ಉಪಕರಣ ಕಟ್ಟುವ ಕಡೆ ಒಲವಿರುವವರಿಗೂ ಎಂಜಿನಿಯರಿಂಗ್ ಒಳ್ಳೆಯ ಅಡಿಪಾಯ. 2023ರ ಸೆಪ್ಟೆಂಬರ್‌ನಲ್ಲಿ ಹಾರಿದ ಆದಿತ್ಯ-ಎಲ್1ರಲ್ಲಿ ಸೂರ್ಯನ ಕರೋನಾ ನೋಡುವ ವಿಇಎಲ್‌ಸಿ ಎಂಬ ಉಪಕರಣವಿದೆಯಲ್ಲ, ಅದನ್ನು ರೂಪಿಸಿದ್ದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಅಂಥ ಕೆಲಸಕ್ಕೆ ಆಪ್ಟಿಕ್ಸ್, ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಲ್ಲ ಬಲ್ಲವರು ಬೇಕು. ಸೆಮಿಕಂಡಕ್ಟರ್, ಲೇಸರ್, ನ್ಯಾನೋ ಎಂದು ಆಸಕ್ತಿ ಇರುವ ಎಂಜಿನಿಯರ್‌ಗಳು ಫಿಸಿಕ್ಸ್ ವಿಭಾಗದ ಬಾಗಿಲನ್ನೇ ತಟ್ಟಬೇಕೆಂದೂ ಇಲ್ಲ. ಅದೇ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಅಥವಾ ಪದಾರ್ಥ ವಿಜ್ಞಾನ ವಿಭಾಗದಲ್ಲಿ ಮಾಡಿ ಪಿಎಚ್‌ಡಿ ಪಡೆಯಬಹುದು. ನನ್ನ ತಕರಾರು ಒಂದೇ: ಮನಸ್ಸಿನಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಇಟ್ಟುಕೊಂಡು, ಮನೆಯವರ ಸಮಾಧಾನಕ್ಕೆ ನಾಲ್ಕು ವರ್ಷ ಬಿಇ ಓದುವುದು ಇರುವ ದಾರಿಗಳಲ್ಲೆಲ್ಲ ಅತ್ಯಂತ ದುಬಾರಿಯದು. ಶುಲ್ಕದಲ್ಲೂ ದುಬಾರಿ, ವಯಸ್ಸಿನಲ್ಲೂ ದುಬಾರಿ.

ವಿದೇಶಕ್ಕೆ ಹೋಗುವವರ ಲೆಕ್ಕ ಸ್ವಲ್ಪ ತಮಾಷೆಯಾಗಿದೆ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿ ನೇರ ಪಿಎಚ್‌ಡಿ ಸೇರುವುದೇ ವಾಡಿಕೆ. ಮೂರು ವರ್ಷದ ಬಿಎಸ್ಸಿ ಒಂದನ್ನೇ ಹಿಡಿದು ಹೋದರೆ ಅನೇಕ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಹಾಗಾಗಿ ಅಕ್ಕನಿಗೆ ಅಲ್ಲಿ ಅನುಕೂಲ. ಜರ್ಮನಿಯಲ್ಲಿ ತಿರುಗುಮುರುಗು. ಅಲ್ಲಿ ಮೂರು ವರ್ಷದ ಬ್ಯಾಚುಲರ್, ಎರಡು ವರ್ಷದ ಮಾಸ್ಟರ್ಸ್, ಆಮೇಲೆ ಪಿಎಚ್‌ಡಿ ಎನ್ನುವುದು ಸಾಮಾನ್ಯ ಕ್ರಮ, ಅಂದರೆ ನಮ್ಮ ಹಳೆಯ ಬಿಎಸ್ಸಿ-ಎಂಎಸ್ಸಿಯ ಅಚ್ಚೇ. ಮಾಸ್ಟರ್ಸ್ ಇಲ್ಲದ ಅಕ್ಕನಿಗೆ ಅಲ್ಲಿ ಬಾಗಿಲು ಸುಲಭವಾಗಿ ತೆರೆಯದು. ಮೂರು ಮತ್ತು ಎರಡು ಸೇರಿಸಿ ಐದು ವರ್ಷ ಮುಗಿಸಿದ ತಮ್ಮನಿಗೆ ಅಮೆರಿಕವೂ ಸರಿ, ಜರ್ಮನಿಯೂ ಸರಿ, ಊರೂ ಸರಿ. ಐದು ವರ್ಷದವನನ್ನು ವರ್ಷ ಸಾಲದು ಎಂದು ತಿರುಗಿಸಿ ಕಳಿಸುವ ದೇಶ ನನಗೆ ಗೊತ್ತಿರುವಂತೆ ಇಲ್ಲ.

ದುಡ್ಡಿನ ವಿಷಯದಲ್ಲಿ ಇಲ್ಲೊಂದು ಎಚ್ಚರಿಕೆ. ಅಮೆರಿಕದಲ್ಲಿ ಫಿಸಿಕ್ಸ್ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ, ಮೇಲೆ ಸ್ಟೈಪೆಂಡ್. ಅದಕ್ಕಾಗಿ ಮೊದಲ ವರ್ಷಗಳಲ್ಲಿ ಬಿಎಸ್ ಮಕ್ಕಳ ಪ್ರಯೋಗಾಲಯ ನಡೆಸಬೇಕು, ಉತ್ತರಪತ್ರಿಕೆ ತಿದ್ದಬೇಕು. ಆದರೆ ಮಾಸ್ಟರ್ಸ್‌ಗೆ ಮಾತ್ರ ಸೇರಿದರೆ ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು. ಕಂಪ್ಯೂಟರ್ ಸೈನ್ಸ್‌ನವರು ಸಾಲ ಮಾಡಿ ಎಂಎಸ್‌ಗೆ ಹೋಗಿ ಎರಡು ವರ್ಷದಲ್ಲಿ ತೀರಿಸಿದ ಕತೆ ಕೇಳಿ ಫಿಸಿಕ್ಸ್‌ನವರು ಅದೇ ಸಾಲಕ್ಕೆ ಕೈಹಾಕುವುದನ್ನು ನಾನು ಖಂಡಿತ ಬೇಡ ಎನ್ನುತ್ತೇನೆ. ಮಾಸ್ಟರ್ಸೇ ಬೇಕಿದ್ದರೆ ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1500 ಯೂರೊ ತೆಗೆದುಕೊಳ್ಳುತ್ತದೆ. ಊಟ, ಬಾಡಿಗೆ ನಮ್ಮದೇ, ಅದೇನೂ ಕಡಿಮೆಯಲ್ಲ. ಇಟಲಿಯ ಟ್ರಿಯೆಸ್ಟ್‌ನಲ್ಲಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಐಸಿಟಿಪಿ, ಅಭಿವೃದ್ಧಿಶೀಲ ದೇಶಗಳ ಮಕ್ಕಳಿಗೆಂದೇ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ, ಖರ್ಚೆಲ್ಲ ಅವರದ್ದೇ. ಕೆನಡಾದ ಪೆರಿಮೀಟರ್ ಇನ್‌ಸ್ಟಿಟ್ಯೂಟ್‌ನಲ್ಲೂ ಸೈದ್ಧಾಂತಿಕ ಭೌತಶಾಸ್ತ್ರದ ಒಂದು ವರ್ಷದ ಮಾಸ್ಟರ್ಸ್ ಇದೆ. ಸೀಟು ಕಡಿಮೆ, ಸ್ಪರ್ಧೆ ವಿಪರೀತ. ಅರ್ಜಿ ಹಾಕುವುದಕ್ಕೇನು ಅಡ್ಡಿ?

ಒಳಗಿನ ಲೆಕ್ಕ ಹೀಗಿದೆ. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಬಂದರೆ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ರೂಪಾಯಿ, ಎರಡು ವರ್ಷದ ನಂತರ 42 ಸಾವಿರ, ಮೇಲೆ ಮನೆಬಾಡಿಗೆ ಭತ್ಯೆ. ಮದುವೆಮನೆಯಲ್ಲಿ ಹೇಳಿಕೊಂಡು ತಿರುಗುವ ಸಂಬಳವಲ್ಲ, ಆದರೆ ಮನೆಗೆ ಕೈಚಾಚದೆ ಬದುಕಬಹುದು. ಪಿಯುಸಿಯಲ್ಲಿ ಬೋರ್ಡಿನ ಮೊದಲ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80 ಸಾವಿರದವರೆಗೆ ಇದೆ; ಅರ್ಹರಿದ್ದೂ ಅರ್ಜಿ ಹಾಕದವರು ಎಷ್ಟೋ. ಪಿಎಚ್‌ಡಿಗೆ ಯುಜಿಸಿ ಕೊಡುವ ಗರಿಷ್ಠ ಅವಧಿ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಹೆಚ್ಚು, ಜೊತೆಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ. ಮದುವೆಯಾದರೆ ಓದು ನಿಂತೀತು ಎಂದು ಎಂಎಸ್ಸಿಗೇ ಕಡಿವಾಣ ಹಾಕುವ ಮನೆಗಳಿಗೆ ಈ ನಿಯಮವನ್ನು ಓದಿ ಹೇಳಬೇಕು.

ವಯಸ್ಸು? ಬಿಎಸ್ಸಿ ಇಪ್ಪತ್ತೊಂದಕ್ಕೆ, ಎಂಎಸ್ಸಿ ಇಪ್ಪತ್ತಮೂರಕ್ಕೆ, ಪಿಎಚ್‌ಡಿ ಇಪ್ಪತ್ತೆಂಟು-ಇಪ್ಪತ್ತೊಂಬತ್ತಕ್ಕೆ. ಆಮೇಲೆ ಒಂದೆರಡು ಕಡೆ ಪೋಸ್ಟ್‌ಡಾಕ್. ಖಾಯಂ ಹುದ್ದೆ ಸಿಗುವಷ್ಟರಲ್ಲಿ ಮೂವತ್ತೈದರ ಸಮೀಪ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ಸರಿಯಲ್ಲ. ಈ ಉದ್ದನೆಯ ಲೆಕ್ಕದಲ್ಲಿ ಮುಂಚೆ ಒಂದು ವರ್ಷ ಉಳಿಸಿದೆವೋ ಇಲ್ಲವೋ ಎನ್ನುವುದು ದೊಡ್ಡ ವಿಷಯವೇ ಅಲ್ಲ. ನಮ್ಮ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದಾಗ 1960, ಅವರಿಗೆ ನಲವತ್ತರ ಆಸುಪಾಸು. ವಾಪಸು ಬಂದು ಅದೇ ಕಾಲೇಜು ಸೇರಿದರು. ಸಿ.ವಿ. ವಿಶ್ವೇಶ್ವರ ಅವರದ್ದು ಇನ್ನೂ ಸುತ್ತುಬಳಸಿನ ದಾರಿ. ಸೆಂಟ್ರಲ್ ಕಾಲೇಜಿನಲ್ಲಿ ಓದಿ ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ ಆನರ್ಸ್, ಎಂಎಸ್ಸಿ ಪಡೆದರು. ಕೊಲಂಬಿಯಾದಲ್ಲಿ ಮತ್ತೊಂದು ಸ್ನಾತಕೋತ್ತರ ಪದವಿ. ಕೊನೆಗೆ ಮೇರಿಲ್ಯಾಂಡ್‌ನಲ್ಲಿ ಪಿಎಚ್‌ಡಿ. ಎರಡನೇ ಸುತ್ತನ್ನು ಅವರು ಎರಡು ಸಲ ಸುತ್ತಿದ್ದರು ಎನ್ನಬೇಕು. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಹೇಗೆ ಕಂಪಿಸಿ ಶಾಂತವಾಗುತ್ತದೆ ಎಂದು 1970ರಲ್ಲಿ ಅವರು ಲೆಕ್ಕ ಮಾಡಿ ತೋರಿಸಿದ್ದರು. 2015ರಲ್ಲಿ ಲೈಗೊ ಗುರುತ್ವ ಅಲೆಗಳನ್ನು ಹಿಡಿದಾಗ ಆ ಲೆಕ್ಕವನ್ನು ಜಗತ್ತು ಮತ್ತೆ ತೆಗೆದು ನೋಡಿತು.

ವಿಶ್ವೇಶ್ವರ ಅವರು ಕಟ್ಟಿದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ರೀಪ್ ಎಂಬ ವಾರಾಂತ್ಯದ ತರಗತಿ ನಡೆಯುತ್ತ ಬಂದಿದೆ. ಬಿಎಸ್ಸಿ ಮಕ್ಕಳಿಗೆ ಕಾಲೇಜಿನ ಪಾಠದ ಆಚೆಗಿನ ಫಿಸಿಕ್ಸ್ ಹೇಳಿಕೊಡುವ ಈ ತರಗತಿಯಿಂದ ಸಂಶೋಧನೆಗೆ ಹೋದವರು ಬಹಳ ಜನ. ಬೆಂಗಳೂರಿನಲ್ಲಿದ್ದೂ ಅದನ್ನು ಬಳಸಿಕೊಳ್ಳದಿರುವುದು ದಡ್ಡತನ. ದೂರದ ಊರಿನವರಿಗೆ ಐಐಟಿ ಮದ್ರಾಸ್‌ನ ವಿ. ಬಾಲಕೃಷ್ಣನ್ ಅವರ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಸಿಗುತ್ತವೆ. ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ಯಾವುದಾದರೂ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ. ಮುಂದೆ ಶಿಫಾರಸು ಪತ್ರ ಬೇಕಾದಾಗ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಆ ಒಬ್ಬರ ನಾಲ್ಕು ಸಾಲು, ಪ್ರಿನ್ಸಿಪಾಲರ ಸನ್ನಡತೆಯ ಪತ್ರಕ್ಕಿಂತ ಹೆಚ್ಚು ತೂಗುತ್ತದೆ.

ನನ್ನನ್ನು ಯಾರಾದರೂ ಪಿಯುಸಿ ಮುಗಿಸಿದವರು ಕೇಳಿದರೆ ಕ್ರಮ ಹೀಗೆ ಹೇಳುತ್ತೇನೆ. ಫಿಸಿಕ್ಸೇ ಎಂದು ಗಟ್ಟಿಯಾಗಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆ, ಐಸರ್, ನೈಸರ್ ಸೇರಲು ಬೇಕಾದ ಪರೀಕ್ಷೆಗಳನ್ನು ಬರೆಯಿರಿ. ಸಿಗಲಿಲ್ಲವೇ, ಮನೆಗೆ ಹತ್ತಿರದ ಒಳ್ಳೆಯ ಮೇಷ್ಟ್ರಿರುವ ಕಾಲೇಜಿನಲ್ಲಿ ಗಣಿತ ಇರುವ ಬಿಎಸ್ಸಿಗೆ ಸೇರಿ. ಕಟ್ಟಡ ನೋಡಿ ಸೇರಬೇಡಿ. ಕೊನೆಯ ವರ್ಷ ಜಾಮ್, ಜೊತೆಗೆ ಜೆಸ್ಟ್. ಇಂಟಿಗ್ರೇಟೆಡ್ ಪಿಎಚ್‌ಡಿ ಸಿಕ್ಕಿದರೆ ಹಿಂದೆಮುಂದೆ ನೋಡಬೇಡಿ, ಎಂಎಸ್ಸಿ ಸಿಕ್ಕಿದರೂ ನಷ್ಟವಿಲ್ಲ. ಆನರ್ಸ್ ಮುಗಿಸಿರುವ ಅಕ್ಕಂದಿರಿಗೂ ಇದೇ ಮಾತು: ಒಳ್ಳೆಯ ಕೋರ್ಸುಗಳಿರುವ ಸಂಸ್ಥೆಯಲ್ಲೋ ಅಮೆರಿಕದಲ್ಲೋ ಸಿಕ್ಕಿದರೆ ನೇರ ಪಿಎಚ್‌ಡಿಗೆ ಹೋಗಿ, ಇಲ್ಲವಾದರೆ ಎಂಎಸ್ಸಿ ಮಾಡಿಕೊಂಡೇ ಹೋಗಿ.

ಜಾಮ್ ನಡೆಯುವುದು ಫೆಬ್ರುವರಿಯಲ್ಲಿ, ಅರ್ಜಿ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಟಿಐಎಫ್ಆರ್‌ನ ಪರೀಕ್ಷೆ ಡಿಸೆಂಬರ್‌ನಲ್ಲೇ ಮುಗಿದುಹೋಗುತ್ತದೆ. ನಮ್ಮ ಕಾಲೇಜುಗಳಲ್ಲಿ ಇವುಗಳ ಮಾತು ಶುರುವಾಗುವುದು ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಆ ಹೊತ್ತಿಗೆ ಎರಡಕ್ಕೂ ಅರ್ಜಿಯ ಗಡುವು ದಾಟಿರುತ್ತದೆ. ಈ ಅಂಕಣ ಓದಿದ ಫಿಸಿಕ್ಸ್ ಮೇಷ್ಟ್ರುಗಳು ದಯವಿಟ್ಟು ಈ ದಿನಾಂಕಗಳನ್ನು ಆಗಸ್ಟ್‌ನಲ್ಲೇ ವಿಭಾಗದ ನೋಟಿಸ್ ಬೋರ್ಡಿಗೆ ಹಚ್ಚಿ.